ಉರಿ ಇಲ್ಲೆ ಅಂದಳು ಅಕ್ಕ

ಅಕ್ಕ ಅದನ್ನು ಮೊದಲ ಸಲ ಹೇಳಿದ್ದು ನನ್ನ ಕೌಂಟರಿನ ಎದುರು ನಿಂತು. ಊಟಿ ಮಾರ್ಕೆಟ್ಟಿನ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಔಷಧಿ ಕೊಡುವ ಕೆಲಸ ಮಾಡುತ್ತಿದ್ದೇನೆ. ಅವತ್ತು ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಅಕ್ಕ ಬಾಗಿಲ ಪಕ್ಕ, ತೂಕ ನೋಡುವ ಯಂತ್ರದ ಹತ್ತಿರ, ತರಕಾರಿ ಚೀಲ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಮೂವರು ಹೋದ ಮೇಲೆ ಬರೋಣ ಅಂದುಕೊಂಡಿದ್ದಳೇನೋ. ಒಬ್ಬರು ಹೋದರೆ ಇಬ್ಬರು ಬರುತ್ತಿದ್ದರು. ಕೊನೆಗೆ ಬಸ್ಸಿನ ಹೊತ್ತಾಗುತ್ತದೆಂದು ಮುಂದೆ ಬಂದು, ಕೌಂಟರಿನ ಗಾಜಿನ ಮೇಲೆ ಬಗ್ಗಿ, ನಮ್ಮ ಬಡಗ ಜನದ ಮಾತಿನಲ್ಲಿ ಪಿಸುಗುಟ್ಟಿದಳು.

"ತಮ್ಮಾ, ನೀರು ಕೆಂಪು. ಒಂದಕ್ಕ ಹೋದಲೆ ನೆತ್ತರ ಹಂಗ."

ನನ್ನ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ನಿಂತಿದ್ದವನು ನಮ್ಮ ಪಕ್ಕದ ಹಟ್ಟಿಯವನೇ. ಅವನಿಗೆ ಕೇಳಿಸಿತೋ ಏನೋ ಎಂಬುದೇ ನನಗೆ ಆಗ ದೊಡ್ಡ ಚಿಂತೆಯಾಯಿತು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಇಂಥ ಮಾತು ನಮ್ಮಿಬ್ಬರ ನಡುವೆ ಯಾವತ್ತೂ ಬಂದಿರಲಿಲ್ಲ.

"ಉರಿ ಉಂಟಲ್ಲ?" ಎಂದೆ. ಕೇಳುತ್ತಲೇ ಹಿಂದಿನ ಕಪಾಟಿನ ಕಡೆ ತಿರುಗಿದ್ದೆ.

"ಉರಿ ಇಲ್ಲೆ. ನೋವೂ ಇಲ್ಲೆ."

"ಎರಡು ದಿನವಾತಾ?"

"ನಿನ್ನೆ ಸಂಜೆಯಿಂದ."

"ಚಳಿಗೆ ನೀನು ನೀರೇ ಕುಡಿಯೋದಿಲ್ಲ. ಇನ್ಫೆಕ್ಷನ್ ಆಗಿರುತ್ತೆ." ಐದು ದಿನದ ಮಾತ್ರೆ, ಒಂದು ಬಾಟಲಿ ಸಿರಪ್ಪು ಕವರಿಗೆ ಹಾಕಿ ಕೊಟ್ಟೆ. "ಬೆಳಿಗ್ಗೆ ಒಂದು, ಸಂಜೆ ಒಂದು. ನೀರು ಚೆನ್ನಾಗಿ ಕುಡಿ. ಹೋಗು, ಬಸ್ಸು ಹೋಗಿಬಿಡುತ್ತೆ."

ಒಂದು ನಿಮಿಷವೂ ಆಗಿರಲಿಲ್ಲ. ಉರಿ ಇಲ್ಲ ಎಂದು ಅವಳು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆದರೆ ನಾನು ಆ ಹೊತ್ತಿಗೆ ಉರಿಯ ಮಾತ್ರೆಯನ್ನೇ ಕೈಯಲ್ಲಿ ಹಿಡಿದಿದ್ದೆ.

ನಾನು ಡಾಕ್ಟರಲ್ಲ. ಫಾರ್ಮಸಿ ಡಿಪ್ಲೊಮಾ ಓದಿದವನು. ಅದನ್ನು ಓದಿಸಿದ್ದೂ ಅಕ್ಕನೇ ಅನ್ನಬೇಕು. ಅಪ್ಪ ಹಾಸಿಗೆ ಹಿಡಿದ ಮೇಲೆ ಅವಳು ನಂಜನಾಡಿನ ಹೊಲಗಳಲ್ಲಿ ಕ್ಯಾರೆಟ್ ಕಿತ್ತು, ಕೊರೆಯುವ ನೀರಿನಲ್ಲಿ ತೊಳೆದು, ಮೂಟೆ ಕಟ್ಟಿ ಮನೆ ನಡೆಸಿದಳು. ಬೆರಳಿನ ಸಂದಿಯೆಲ್ಲ ಬಿರುಕು ಬಿಟ್ಟಿರುತ್ತಿತ್ತು. ಆಮೇಲೆ ಅವಳ ಮದುವೆಯಾಯಿತು, ಒಬ್ಬಳು ಮಗಳು ಹುಟ್ಟಿದಳು, ಭಾವ ತೀರಿಕೊಂಡರು. ಈಗ ಅರ್ಧ ಎಕರೆ ಚಹಾ, ಅದರ ಕೆಳಗೆ ನಾಲ್ಕು ಪಟ್ಟಿ ಬೀಟ್‌ರೂಟು, ಎಲೆಕೋಸು. ಮಗಳನ್ನು ಮೂರು ಮೈಲಿ ಆಚೆಯ ಹಟ್ಟಿಗೆ ಕೊಟ್ಟಿತ್ತು. ಅರವತ್ತೆರಡರ ಅಕ್ಕ ತಾನೇ ಚಹಾ ಎಲೆ, ನಮ್ಮ ಕಡೆಯ ಮಾತಿನಲ್ಲಿ ಲೀಫು, ಕೊಯ್ದು, ಮೂಟೆ ತಲೆಯ ಮೇಲಿಟ್ಟುಕೊಂಡು, ಫ್ಯಾಕ್ಟರಿ ವ್ಯಾನು ನಿಲ್ಲುವಲ್ಲಿಯವರೆಗೆ ಏರು ಹತ್ತುತ್ತಿದ್ದಳು.

ಹಟ್ಟಿಯ ಜನ ನನ್ನನ್ನು ಡಾಕ್ಟರೇ ಎಂದು ತಿಳಿದಿದ್ದರು. ಸರ್ಕಾರಿ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಚೀಟಿ ಮಾಡಿಸಬೇಕು, ಸಾಲಿನಲ್ಲಿ ನಿಲ್ಲಬೇಕು. ನನ್ನ ಹತ್ತಿರ ಬಂದರೆ ಐದು ನಿಮಿಷ. ಅವರು ಹಾಗೆ ತಿಳಿದಿದ್ದಕ್ಕೆ ನಾನು ಒಂದು ದಿನವೂ ಅಲ್ಲ ಎನ್ನಲಿಲ್ಲ. ಮದುವೆ ಮನೆಗೆ ಹೋದರೆ ಮೂಲೆಗೆ ಕರೆದು ಬಿ.ಪಿ. ಬಗ್ಗೆ ಕೇಳುತ್ತಿದ್ದರು, ಸಾವಿನ ಮನೆಗೆ ಹೋದರೆ ಮಂಡಿನೋವಿನ ಬಗ್ಗೆ. ಅದರ ರುಚಿ ನನಗೆ ಹತ್ತಿತ್ತು. ಈಗ ನೆನೆದರೆ ಬಾಯೆಲ್ಲ ಕಹಿಯಾಗುತ್ತದೆ.

ಮೂರನೇ ದಿನ ಅಕ್ಕ ಫೋನ್ ಮಾಡಿದಳು. "ನಿಂತೋತು ತಮ್ಮಾ. ನೀರು ಈಗ ಬೆಳ್ಳಗ. ನಿನ್ನ ಕೈಗುಣ."

ರಕ್ತ ತಾನಾಗಿಯೇ ನಿಂತಿತ್ತು. ಮಾತ್ರೆಗೂ ಅದಕ್ಕೂ ಸಂಬಂಧವಿರಲಿಲ್ಲ. ಆ ರೋಗದ ಸ್ವಭಾವವೇ ಅಂಥದ್ದು. ಒಂದು ದಿನ ತೋರಿಸಿಕೊಂಡು, ನಾವು ಮರೆಯುವವರೆಗೆ ಒಳಗೆ ಕೂತಿರುತ್ತದೆ. ಇದನ್ನು ನನಗೆ ಆಮೇಲೆ ಡಾಕ್ಟರೊಬ್ಬರು ಹೇಳಬೇಕಾಯಿತು. ಅವತ್ತು ನಾನು ಕೈಗುಣದ ಹೊಗಳಿಕೆಯನ್ನು ನಗುತ್ತಾ ತೆಗೆದುಕೊಂಡೆ.

ಮೂರು ತಿಂಗಳಾದ ಮೇಲೆ ಮತ್ತೆ ಬಂತು. ಈ ಸಲ ಅವಳು ಅಂಗಡಿಗೆ ಬರಲಿಲ್ಲ, ಫೋನ್ ಮಾಡಿದಳು. ನಾನು ಮಾರ್ಕೆಟ್ಟಿನ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಮಾತಾಡುತ್ತಿದ್ದೆ.

"ಬೀಟ್‌ರೂಟ್ ತಿಂದೆಯಾ?" ಎಂದೆ. ಅವಳ ಹೊಲದಲ್ಲಿ ಬೀಟ್‌ರೂಟು ಕೀಳುವ ಕಾಲ ಅದು. ಅದನ್ನು ತಿಂದರೆ ಕೆಲವರಿಗೆ ಮೂತ್ರ ಕೆಂಪಾಗುತ್ತದೆ ಎನ್ನುವುದು ಸುಳ್ಳಲ್ಲ.

"ಅದ ಹೋದ ವಾರ ತಿಂದುದು."

"ಅದೇ ಇರುತ್ತೆ. ತಿನ್ನೋದು ಬಿಡು."

ಬೀಟ್‌ರೂಟಿನ ಬಣ್ಣ ಒಂದೆರಡು ದಿನಕ್ಕಿಂತ ಉಳಿಯುವುದಿಲ್ಲ. ಹೋದ ವಾರ ತಿಂದದ್ದು ಈ ವಾರ ಬಣ್ಣ ಬಿಡುವುದಿಲ್ಲ. ಅನುಮಾನವಿದ್ದರೆ ಒಂದು ಡಬ್ಬಿಯಲ್ಲಿ ಮೂತ್ರ ಹಿಡಿದು ಲ್ಯಾಬಿಗೆ ಕೊಟ್ಟರೆ ರಕ್ತವೋ ಬಣ್ಣವೋ ಅಲ್ಲೇ ಗೊತ್ತಾಗುತ್ತದೆ. ಲ್ಯಾಬು ನಮ್ಮ ಅಂಗಡಿಯಿಂದ ನಾಲ್ಕನೇ ಬಾಗಿಲು. ದಿನಾ ಅದರ ಮುಂದೆ ಹಾದು ಟೀ ಕುಡಿಯಲು ಹೋಗುತ್ತಿದ್ದೆ. ಆದರೂ ನಾನು ಫೋನಿನಲ್ಲಿ ಅಕ್ಕನಿಗೆ ಬೀಟ್‌ರೂಟಿನ ಕತೆ ಹೇಳಿ, "ಯಾವುದಕ್ಕೂ ಇರಲಿ" ಎಂದು ಇನ್ನೊಂದು ಕೋರ್ಸು ಮಾತ್ರೆಯನ್ನು ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಮತ್ತೆ ನಿಂತಿತು.

ನಮ್ಮ ಕುಲದ ತಾಯಿ ಹೆತ್ತೆಯ ಹಬ್ಬ ಬಂತು. ನಮ್ಮವರಿಗೆ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಹೆಂಗಸರೆಲ್ಲ ಬಿಳಿ ಮುಂಡು ಉಟ್ಟು, ಬಿಳಿ ಹೊದ್ದು ಹೊರಡುತ್ತಾರೆ. ಅಕ್ಕ ಅದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ, ಭಾವನ ವರ್ಷಾಂತಿಕವಾಗದ ಆ ಒಂದು ಸಲ ಬಿಟ್ಟರೆ. ಆ ವರ್ಷ ಅವಳು ಬರಲಿಲ್ಲ. ಮಂಡಿನೋವು ಎಂದಳಂತೆ. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಹೇಳಿದಳು.

"ಮಂಡಿನೋವಲ್ಲ. ಅವರಿಗೆ ಮತ್ತೆ ಮುಟ್ಟು ಶುರುವಾಗಿದೆ ಅಂತ ಅಂದುಕೊಂಡಿದ್ದಾರೆ. ಮೈಲಿಗೆಯಲ್ಲಿ ಹೆತ್ತೆ ಹತ್ತಿರ ಹೆಂಗೆ ಬರೋದು ಅಂತ. ಬಿಳಿ ಮುಂಡಿಗೆ ಕಲೆಯಾದಲೆ ಅಂತ ಬೇರೆ ಹೆದರಿಕೆ."

"ಅಕ್ಕನಿಗೆ ನಿಂತು ಹತ್ತು ವರ್ಷವಾಯಿತಲ್ಲ?"

"ಅದಕ್ಕೇ ಹೇಳ್ತಿರೋದು. ನಿಂತ ಮೇಲೆ ಬರಬಾರದು. ಡಾಕ್ಟರಮ್ಮನ ಹತ್ತಿರ ಕರಕೊಂಡು ಹೋಗಿ."

ನಿಂತ ಮೇಲೆ ಬರುವ ರಕ್ತ ಎಲ್ಲಿಂದ ಬಂದರೂ ಡಾಕ್ಟರಿಗೆ ತೋರಿಸಬೇಕೆನ್ನುವುದು ನಾನು ಓದಿದ ಪುಸ್ತಕದಲ್ಲೇ ಇತ್ತು. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅಕ್ಕನನ್ನು ಕರೆದು ಕೂರಿಸಿ, "ಅಕ್ಕಾ, ರಕ್ತ ಮೂತ್ರದ ಜೊತೆ ಬರುತ್ತಾ, ಬೇರೆ ಕಡೆಯಿಂದಲಾ?" ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹೆಂಡತಿಗೆ "ನೀನೇ ಕೇಳು" ಎಂದೆ. "ಹಬ್ಬದ ಗಡಿಬಿಡಿ ಮುಗಿಯಲಿ" ಎಂದಳು. ಆಮೇಲೆ ಅವಳ ತವರಿನಲ್ಲಿ ಏನೋ ಬಂತು. ಹೀಗೆ ಒಬ್ಬರ ಮೇಲೊಬ್ಬರು ಹಾಕುತ್ತಾ ಇನ್ನೂ ಎರಡು ತಿಂಗಳು ಕಳೆದೆವು. ನಾಚಿಕೆ ಎಂದು ನಾವು ಕರೆದದ್ದು ಸೋಮಾರಿತನಕ್ಕೆ ಉಡಿಸಿದ ಬಿಳಿ ಮುಂಡು, ಅಷ್ಟೇ.

ಆ ಎರಡು ತಿಂಗಳಲ್ಲಿ ಅಕ್ಕ ನನಗೆ ಏನೂ ಹೇಳಲಿಲ್ಲ. ಬೇರೆ ಯಾರಿಗೂ ಹೇಳಲಿಲ್ಲ. ಹಳೆಯ ಮಾತ್ರೆಯ ಖಾಲಿ ಪಟ್ಟಿಯನ್ನು ಹಟ್ಟಿಯಿಂದ ಊಟಿಗೆ ಬರುವವರ ಕೈಯಲ್ಲಿ ಕೊಟ್ಟು, ಅದೇ ಮಾತ್ರೆ ತರಿಸಿಕೊಂಡು ನುಂಗುತ್ತಿದ್ದಳು. ನನ್ನ ಅಂಗಡಿಯಿಂದಲ್ಲ. ಯಾವುದೋ ಅಂಗಡಿಯಿಂದ. ಅಲ್ಲೂ ಯಾರೂ ಏಕೆ ಎಂದು ಕೇಳಲಿಲ್ಲ.

ಒಂದು ಬೆಳಿಗ್ಗೆ ಏಳೂವರೆಗೆ ಸೊಸೆಯ ಫೋನ್ ಬಂತು. ಸೊಸೆ ಅಂದರೆ ಅಕ್ಕನ ಮಗಳು. ಹಿಂದಿನ ದಿನ ತಾಯಿಯನ್ನು ನೋಡಲು ಬಂದು ಅಲ್ಲೇ ಉಳಿದಿದ್ದಳು.

"ಮಾಮಾ, ಅವ್ವೆಗ ಒಂದಕ್ಕ ಹೋಗೋಕೇ ಆಗ್ತಿಲ್ಲೆ. ಹೊಟ್ಟೆ ಕಲ್ಲು ಹಂಗ ಊದಿದೆ. ನಿನ್ನೆ ನೆತ್ತರ ಗಡ್ಡೆ ಗಡ್ಡೆ ಹೋತು ಅಂತ ಈಗ ಹೇಳ್ತಾರೆ. ಏನು ಕೊಡಲಿ?"

ಏನು ಕೊಡಲಿ. ಅವಳೂ ಅದನ್ನೇ ಕೇಳಿದಳು. ನಾನು ಕಲಿಸಿದ್ದೇ ಅದು.

"ಏನೂ ಕೊಡಬೇಡ. ಜೀಪು ಮಾಡಿಕೊಂಡು ಈಗಲೇ ಆಸ್ಪತ್ರೆಗೆ ಬಾ" ಎಂದೆ.

ಆಸ್ಪತ್ರೆಯ ಬಾಗಿಲಲ್ಲಿ ಜೀಪಿನಿಂದ ಇಳಿಸುವಾಗ ಅಕ್ಕ ನನ್ನ ತೋಳು ಹಿಡಿದ ಬಿಗಿ ಇವತ್ತಿಗೂ ನೆನಪಿದೆ. ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ರಕ್ತದ ಗಡ್ಡೆ ಮೂತ್ರದ ದಾರಿಗೆ ಅಡ್ಡ ಕೂತಿತ್ತು. ಕೊಳವೆ ಹಾಕಿ, ನೀರು ಬಿಟ್ಟು ತೊಳೆದು, ಗಡ್ಡೆಗಳನ್ನು ಹೊರಗೆ ತೆಗೆದರು. ಕೊಳವೆಯ ತುದಿಗೆ ಕಟ್ಟಿದ ಚೀಲದೊಳಗೆ ಇಳಿದದ್ದು ಬೀಟ್‌ರೂಟಿನ ಬಣ್ಣವಲ್ಲ. ಕಾಫಿ ಡಿಕಾಕ್ಷನ್ನಿನ ಹಾಗಿತ್ತು.

ಅಲ್ಲಿದ್ದ ಡಾಕ್ಟರ್ ಗೂಡಲೂರು ಕಡೆಯ ಹುಡುಗಿ. ಮಲಯಾಳಂ ಎಳೆತದ ತಮಿಳು ಮಾತಾಡುತ್ತಿದ್ದರು. ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಸ್ಟೂಲು ಎಳೆದುಕೊಂಡು ಅಕ್ಕನ ತಲೆಯ ಹತ್ತಿರ ಕೂತರು. ನನ್ನನ್ನು ಪರದೆಯ ಆಚೆ ನಿಲ್ಲಿಸಿದರು. ನನಗೆ ಎಲ್ಲ ಕೇಳಿಸುತ್ತಿತ್ತು.

"ಮೊದಲು ಯಾವಾಗ ನೋಡಿದಿರಿ ಅಮ್ಮಾ?"

"ಒಂಬತ್ತು ತಿಂಗಳಾತು."

"ರಕ್ತ ಮೂತ್ರದ ಶುರುವಿನಲ್ಲಾ, ಕೊನೆಯಲ್ಲಾ, ಪೂರ್ತಿನಾ?"

"ಪೂರ್ತಿ."

"ಮೂತ್ರಕ್ಕೆ ಹೋಗದೆ ಇರುವಾಗ ಬಟ್ಟೆಗೆ ಅಂಟುತ್ತಿತ್ತಾ?"

"ಇಲ್ಲೆ" ಎಂದಳು. "ಒಂದಕ್ಕ ಹೋದಲೆ ಮಾತ್ರ."

ಒಂದೇ ಪ್ರಶ್ನೆ. ಮುಟ್ಟಲ್ಲ, ಮೈಲಿಗೆಯಲ್ಲ, ಮೂತ್ರಕೋಶದ ರಕ್ತ ಎನ್ನುವುದು ಅರ್ಧ ನಿಮಿಷದಲ್ಲಿ ಇತ್ಯರ್ಥವಾಯಿತು. ಅಕ್ಕ ಹಬ್ಬಕ್ಕೆ ಬಾರದೆ ಒಳಗೆ ಕೂತದ್ದು ಸುಮ್ಮಸುಮ್ಮನೆ.

"ಉರಿ, ಜ್ವರ, ಬೆನ್ನಿನ ಪಕ್ಕ ನೋವು?"

"ಒಂದೂ ಇಲ್ಲೆ."

"ಯಾರಿಗೂ ತೋರಿಸಲಿಲ್ಲವಾ?"

"ಮಾತ್ರೆ ತಿಂದೆ. ನಿಂತುಹೋತು. ಮತ್ತೆ ಬಂತು. ಮತ್ತೆ ತಿಂದೆ."

"ಮಾತ್ರೆ ಯಾರು ಕೊಟ್ಟರು?"

"ಮೆಡಿಕಲ್‌ಲಿ."

"ಯಾವ ಮೆಡಿಕಲ್?"

"ಗೊತ್ತಿಲ್ಲೆ ಅಮ್ಮಾ. ಯಾರೋ ಕೊಟ್ಟಾರು."

ನಾನು ಪರದೆಯ ಬಟ್ಟೆ ನೋಡುತ್ತಾ ನಿಂತಿದ್ದೆ. ಆಗ ಸೊಸೆಯ ದನಿ ಕೇಳಿತು. ಅವಳು ತಮಿಳಿನಲ್ಲಿ, ಪ್ರತಿ ಮಾತನ್ನೂ ಬಿಡಿಸಿ ಹೇಳಿದಳು. "ಯಾರೋ ಅಲ್ಲ ಡಾಕ್ಟರ್. ಹೊರಗೆ ನಿಂತಿದ್ದಾರಲ್ಲ, ನಮ್ಮ ಮಾಮ. ಅವರೇ ಕೊಟ್ಟದ್ದು."

ಡಾಕ್ಟರ್ ಪರದೆ ಸರಿಸಿ ಹೊರಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ವಾಸಿಯಿತ್ತು.

"ನೀವು ಫಾರ್ಮಸಿಸ್ಟಾ?"

"ಹೌದು."

"ನೋವಿದ್ದಿದ್ದರೆ ಇವರು ಮೊದಲನೇ ದಿನವೇ ಇಲ್ಲಿಗೆ ಓಡಿ ಬರುತ್ತಿದ್ದರು. ಕಿಡ್ನಿಯಲ್ಲಿ ಕಲ್ಲಿದ್ದವರು ಹಾಗೇ ಬರುತ್ತಾರೆ. ಉರಿ ಇದ್ದಿದ್ದರೆ ಇನ್ಫೆಕ್ಷನ್ ಅಂತ ನೀವು ಹೇಳಿದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಆಗಲೂ ಮೂತ್ರ ಪರೀಕ್ಷೆ ಮಾಡಿಸಬೇಕು, ಮಾತ್ರೆ ಮುಗಿದ ಮೇಲೆ ರಕ್ತ ಹೋಗಿದೆಯಾ ಅಂತ ಇನ್ನೊಂದು ಸಲ ನೋಡಬೇಕು. ನೋವೇ ಇಲ್ಲದೆ, ಈ ವಯಸ್ಸಿನಲ್ಲಿ, ಕಣ್ಣಿಗೆ ಕಾಣುವ ಹಾಗೆ ರಕ್ತ ಬಂದರೆ ಒಂದು ಸಲ ಬಂದಿದ್ದೇ ಸಾಕು. ಮರುದಿನ ನಿಂತರೂ ಬರಬೇಕು. ಬಹಳ ಜನರಿಗೆ ಏನೂ ಇರುವುದಿಲ್ಲ. ಆದರೆ ನೋಡದೆ ಹಾಗೆ ಹೇಳುವುದಕ್ಕೆ ಆಗುವುದಿಲ್ಲ."

ಆಮೇಲೆ ದನಿ ತಗ್ಗಿಸಿ, "ಗಂಡಸರಿಗಾದರೆ ಬೇಗ ಸ್ಕ್ಯಾನ್ ಮಾಡಿಸುತ್ತಾರೆ. ಹೆಂಗಸರಿಗೆ ಎಲ್ಲರೂ ಇನ್ಫೆಕ್ಷನ್ ಅಂತಲೇ ಕೊಡುತ್ತಾ ಹೋಗುತ್ತಾರೆ. ನೀವೊಬ್ಬರೇ ಅಲ್ಲ" ಎಂದರು. ಸಮಾಧಾನಕ್ಕೆ ಹೇಳಿದರೋ ಬೇಸರಕ್ಕೆ ಹೇಳಿದರೋ ತಿಳಿಯಲಿಲ್ಲ.

ಸ್ಕ್ಯಾನಿನಲ್ಲಿ ಮೂತ್ರಕೋಶದೊಳಗೆ ಹೂಕೋಸಿನಂಥದ್ದು ಕಂಡಿತು. ಕೊಯಮತ್ತೂರಿಗೆ ಕಳಿಸಿದರು. ಅಲ್ಲಿ ಸಣ್ಣ ಕೊಳವೆಯ ಕ್ಯಾಮೆರಾ ಮೂತ್ರದ ದಾರಿಯಿಂದ ಒಳಗೆ ಬಿಟ್ಟು ನೋಡಿ, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಮೂತ್ರಕೋಶದ ಗೋಡೆಯ ಮಾಂಸದೊಳಕ್ಕೆ ಇಳಿದಿತ್ತು.

ಸೊಸೆ ಅಲ್ಲಿನ ಡಾಕ್ಟರನ್ನು ಕೇಳಿದಳು, ಅವ್ವೆ ಬೀಡಿ ಸೇದಿದವಳಲ್ಲ, ಏಕೆ ಬಂತು, ಹೊಲಕ್ಕೆ ಹೊಡೆಯುವ ಔಷಧಿಯಿಂದಲಾ ಎಂದು. ಸೇದುವವರಿಗೆ ಹೆಚ್ಚು ಬರುತ್ತದೆ, ಸೇದದವರಿಗೂ ಬರುತ್ತದೆ, ಒಬ್ಬರಿಗೆ ಇಂಥದ್ದರಿಂದಲೇ ಬಂತು ಎಂದು ಬೆರಳಿಟ್ಟು ಹೇಳಲಾಗದು ಎಂದರು ಅವರು. ನಾನು ಬೇರೆ ಪ್ರಶ್ನೆ ಕೇಳಿದೆ. ಒಂಬತ್ತು ತಿಂಗಳ ಹಿಂದೆ ಬಂದಿದ್ದರೆ?

"ಮೇಲ್ಮೇಲೆ ಇದ್ದಾಗ ಸಿಕ್ಕಿದ್ದರೆ ಕೊಳವೆಯಿಂದಲೇ ಕೆರೆದು ತೆಗೆಯಬಹುದಿತ್ತು. ಆಗ ಹೇಗಿತ್ತೋ ಈಗ ಖಚಿತವಾಗಿ ಹೇಳುವುದು ಕಷ್ಟ" ಎಂದರು.

ಆ "ಕಷ್ಟ" ಎಂಬ ಪದವನ್ನು ನನ್ನ ಹೆಂಡತಿ ನನಗೆ ಎಷ್ಟು ಸಲ ನೆನಪಿಸಿದ್ದಾಳೋ. ಅವರೇ ಖಚಿತವಿಲ್ಲ ಅಂದರಲ್ಲ, ನೀವೇಕೆ ಕೊರಗುತ್ತೀರಿ ಎಂದು. ನನಗೆ ಆ ಪದದಲ್ಲಿ ನೆರಳು ಸಿಗಲಿಲ್ಲ. ಖಚಿತವಾಗಿ ಹೇಳಲಾರದ ಹಾಗೆ ಮಾಡಿದವನೇ ನಾನು.

ಮೊದಲು ಕೀಮೋ ಕೊಟ್ಟರು, ಆಮೇಲೆ ಆಪರೇಷನ್ ಮಾಡಿ ಮೂತ್ರಕೋಶವನ್ನೇ ತೆಗೆದರು. ಈಗ ಅಕ್ಕನ ಹೊಟ್ಟೆಯ ಬಲಗಡೆ ಒಂದು ಕೆಂಪು ತೂತು ಇದೆ. ಅದಕ್ಕೆ ಅಂಟಿಸಿದ ಚೀಲದೊಳಗೆ ಮೂತ್ರ ತನ್ನಷ್ಟಕ್ಕೆ ತುಂಬುತ್ತದೆ. ತುಂಬಿದಾಗ ಅವಳೇ ತೆರೆದು ಚೆಲ್ಲುತ್ತಾಳೆ. ಚೀಲ ಬದಲಿಸುವುದನ್ನು ಅವಳು ನರ್ಸುಗಳು ಬೆರಗಾಗುವಷ್ಟು ಬೇಗ ಕಲಿತಳು. ಆದರೆ ಲೀಫಿನ ಮೂಟೆ ಹೊರುವಂತಿಲ್ಲ. ಚಹಾವನ್ನು ಸೊಸೆಯ ಗಂಡ ನೋಡಿಕೊಳ್ಳುತ್ತಾನೆ. ಸಾವಿನ ಮನೆಗೆ, ಮದುವೆಗೆ ಅಕ್ಕ ಹೋಗುವುದಿಲ್ಲ. ವಾಸನೆ ಬರುತ್ತದೆಂದು ಅವಳಿಗೆ ಭಯ. ವಾಸನೆ ಏನೂ ಬರುವುದಿಲ್ಲ. ನೂರು ಸಲ ಹೇಳಿದರೂ ಅವಳು ನಂಬುವುದಿಲ್ಲ.

ಆಪರೇಷನ್ ಆಗಿ ಎರಡು ತಿಂಗಳಾದ ಮೇಲೆ ನಾನು ಹಟ್ಟಿಗೆ ಹೋದೆ. ಅಕ್ಕ ಮನೆಯ ಮುಂದೆ ಬಿಸಿಲಿಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕೂತೆ.

"ಅಕ್ಕಾ, ತಪ್ಪಾಯ್ತು" ಎಂದೆ.

ಅವಳು ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಾ ಹೇಳಿದೆ ತಾನೆ" ಎಂದಳು. "ಉರಿ ಇಲ್ಲೆ ಅಂತ ಹೇಳಿದೆ."

"ಹೇಳಿದೆ."

"ನೀ ಆ ಕೆಮ್ಮಿನವನ ಮುಖ ನೋಡಿದೆ. ಎನ್ನ ಮುಖ ನೋಡಿದ್ದಿಲ್ಲೆ."

ನಾನು ಅತ್ತೆ. ಐವತ್ತೈದರ ಗಂಡಸು, ಮೆಟ್ಟಿಲ ಮೇಲೆ ಕೂತು. ಅಳಬೇಡ ಎಂದು ಅವಳು ಹೇಳಲಿಲ್ಲ. ಒಳಗೆ ಹೋಗಿ ಕಾಫಿ ತಂದಿಟ್ಟಳು, ಯಾರು ಬಂದರೂ ಇಡುವ ಹಾಗೆ. ಮತ್ತೆ ಬೆಳ್ಳುಳ್ಳಿಗೆ ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ನನ್ನನ್ನು ಮುಚ್ಚಿಟ್ಟವಳು, ಮನೆಯಂಗಳದಲ್ಲಿ ಕ್ಷಮಿಸಲು ಒಪ್ಪಲಿಲ್ಲ. ಎರಡೂ ನ್ಯಾಯವೇ ಅನ್ನಿಸುತ್ತದೆ ನನಗೆ.

ಅಂಗಡಿಯಲ್ಲಿ ಈಗ ನಾನು ಚೀಟಿ ಇಲ್ಲದೆ ಕೊಡುವುದಿಲ್ಲ. ಹೇಳಿಕೊಳ್ಳುವ ಹೆಚ್ಚುಗಾರಿಕೆಯಲ್ಲ, ಮೊದಲಿನಿಂದಲೂ ಇದ್ದ ಕಾನೂನು ಅದು. ಕೆಲವು ತಿಂಗಳ ಹಿಂದೆ ಮಸಿನಗುಡಿಯಿಂದ ಒಬ್ಬ ಬಂದ. ಕಾಡಿನಲ್ಲಿ ಕೂಲಿ ಮಾಡುವವನು, ಐವತ್ತು ದಾಟಿತ್ತು, ಜೇಬಿನಲ್ಲಿ ಬೀಡಿ ಕಟ್ಟು. ನೀರು ಕೆಂಪಗಿದೆ, ಮಾತ್ರೆ ಕೊಡಿ ಎಂದ. ಅಂಗಡಿಯಲ್ಲಿ ಜನರಿದ್ದರು. ನಾನು ಕೌಂಟರಿನಿಂದ ಹೊರಗೆ ಬಂದು ಅವನನ್ನು ಪಕ್ಕಕ್ಕೆ ಕರೆದು, ನೋವಿದೆಯಾ ಎಂದು ಕೇಳಿದೆ. ಇಲ್ಲ ಎಂದ. ಮಾತ್ರೆ ಬೇಡ, ಈಗಲೇ ಆಸ್ಪತ್ರೆಗೆ ಹೋಗು, ಇಲ್ಲಿಂದ ಆಟೋ ಹತ್ತಿಸುತ್ತೇನೆ, ಮೂತ್ರ ಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡುತ್ತಾರೆ ಎಂದು ಹತ್ತು ನಿಮಿಷ ಬಿಡಿಸಿ ಹೇಳಿದೆ. ಅಕ್ಕನ ವಿಷಯವನ್ನೂ ಹೇಳಿದೆ. ತಲೆಯಾಡಿಸುತ್ತಾ ಕೇಳಿದ.

"ಆಯ್ತು ಸಾರ್. ಮಧ್ಯಾಹ್ನದ ಬಸ್ಸು ತಪ್ಪಿದರೆ ಕತ್ತಲಲ್ಲಿ ಆನೆ ಓಡಾಡೋ ದಾರಿ ನಡೀಬೇಕು ಸಾರ್. ಇವತ್ತಿಗೆ ಮಾತ್ರೆ ಕೊಡಿ, ಇನ್ನೊಂದು ದಿನ ಹೋಗ್ತೀನಿ."

ಕೊಡಲಿಲ್ಲ. ಅವನು ಏನೋ ಗೊಣಗುತ್ತಾ ಇಳಿದು ಹೋದ. ಎದುರು ಸಾಲಿನ ಅಂಗಡಿಗೆ ಹೋಗಿ, ಐದು ನಿಮಿಷದಲ್ಲಿ ಕವರು ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದದ್ದನ್ನು ಕೌಂಟರಿನಿಂದಲೇ ನೋಡಿದೆ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದ. ಕೂಗಿದೆ. ತಿರುಗಲಿಲ್ಲ. ಮತ್ತೆ ಅವನನ್ನು ಕಂಡಿಲ್ಲ. "ಹೀಗೆ ಗಿರಾಕಿಗಳನ್ನ ವಾಪಸ್ ಕಳಿಸ್ತಿದ್ದರೆ ಬಾಗಿಲು ಹಾಕಬೇಕಾಗುತ್ತೆ" ಎಂದರು ಮಾಲೀಕರು. ತಮಾಷೆಗಲ್ಲ.

ಅಕ್ಕನಿಗೆ ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಇರುತ್ತದೆ. ತಾಯಿ ಮಗಳು ಬೆಳಗಿನ ಬಸ್ಸಿಗೆ ಊಟಿಗೆ ಬಂದು, ಅಲ್ಲಿಂದ ಕೊಯಮತ್ತೂರು ಬಸ್ಸು ಹತ್ತುತ್ತಾರೆ. ಯಾವ ದಿನ ಎಂದು ನನಗೆ ಹೇಳುವುದಿಲ್ಲ. ಹೋದ ವಾರವೂ ಹೋಗಿ ಬಂದರಂತೆ. ಸದ್ಯಕ್ಕೆ ಬೇರೆಲ್ಲೂ ಹರಡಿಲ್ಲ ಎಂದಿದ್ದಾರಂತೆ. ಸೊಸೆ ನನ್ನ ಹೆಂಡತಿಗೆ ಫೋನ್ ಮಾಡಿ ಹೇಳಿದಳು. ನಾನು ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ, ಅವಳ ದನಿ ನನಗೂ ಕೇಳಿಸುತ್ತಿತ್ತು. "ಮಾಮನಿಗೆ ಕೊಡಲಾ?" ಎಂದಳು ನನ್ನ ಹೆಂಡತಿ. "ಬೇಡ ಮಾಮಿ, ಹಾಲು ಉಕ್ಕುತ್ತಿದೆ" ಎಂದು ಸೊಸೆ ಫೋನ್ ಇಟ್ಟಳು.